ಹೊಸ ನಾಣ್ಯದ ಹೊಳಪು ಉಳಿಸುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬ್ಯಾಂಕಿನಲ್ಲಿ 20 ರೂಪಾಯಿಯ ಹೊಸ ನಾಣ್ಯಗಳ ಪ್ಯಾಕೆಟ್ ಸಿಕ್ಕಿದೆ. ಚೆನ್ನಾಗಿರುವ ಎರಡು ಮೂರನ್ನು ಆರಿಸಿಟ್ಟುಕೊಂಡು ಉಳಿದದ್ದನ್ನು ಖರ್ಚು ಮಾಡಬೇಕೆಂದಿದ್ದೇನೆ. ಹೇಗೆ ಆರಿಸಲಿ, ಯಾವುದರಲ್ಲಿ ಇಡಲಿ?
(ಓದುಗರು, ದಾವಣಗೆರೆ)

ಉತ್ತರ: ಪ್ಯಾಕೆಟ್ ಒಡೆಯುವ ಮೊದಲೇ ಮೇಜಿನ ಮೇಲೆ ದಪ್ಪ ಹತ್ತಿ ಬಟ್ಟೆ ಹಾಸಿಕೊಳ್ಳಿ. ಸೋಪು ಹಚ್ಚಿ ಕೈ ತೊಳೆದು ಪೂರ್ತಿ ಒಣಗಿಸಿ. ಪೌಡರ್ ಇಲ್ಲದ ನೈಟ್ರೈಲ್ ಕೈಗವಸು ಇದ್ದರೆ ಇನ್ನೂ ಒಳ್ಳೆಯದು. ನಾಣ್ಯಗಳನ್ನು ಗಲಗಲ ಸುರಿಯಬೇಡಿ, ಒಂದೊಂದನ್ನೇ ಅಂಚಿನಲ್ಲಿ ಹಿಡಿದು ತೆಗೆಯಿರಿ. ಈ ನಾಣ್ಯದ ಹೊರಬಳೆ ನಿಕಲ್ ಸಿಲ್ವರ್, ನಡುಭಾಗ ನಿಕಲ್ ಹಿತ್ತಾಳೆ. ಎರಡರಲ್ಲೂ ತಾಮ್ರವೇ ಹೆಚ್ಚು. ಬೆರಳಿನ ಬೆವರಿನಲ್ಲಿರುವ ಉಪ್ಪು ತಾಮ್ರವನ್ನು ಕಚ್ಚಿ ಹಿಡಿಯುತ್ತದೆ. ಇಂದು ಕಾಣದ ಬೆರಳಚ್ಚು ಕೆಲವು ವಾರಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಮೇಲೇಳುತ್ತದೆ, ಆಮೇಲೆ ಅದು ಹೋಗುವುದಿಲ್ಲ.

ಆರಿಸುವಾಗ ಒಂದೇ ಒಂದು ಟೇಬಲ್ ಲ್ಯಾಂಪ್ ಉರಿಸಿ, ನಾಣ್ಯವನ್ನು ಅದರ ಕೆಳಗೆ ನಿಧಾನವಾಗಿ ಓರೆ ಮಾಡಿ ನೋಡಿ. ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ, ಹಾಗೆ ಸರಿದ ಕಡೆಯಲ್ಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಬೆಳಕು ಆ ಗೆರೆಗಳ ಮೇಲೆ ಬೀಸಣಿಗೆಯಂತೆ ಸುತ್ತಿದರೆ ಹೊಳಪು ಪೂರ್ತಿ ಇದೆ ಎಂದರ್ಥ. ಎಲ್ಲೋ ಒಂದೆಡೆ ಬೆಳಕು ತುಂಡಾದರೆ ಅಲ್ಲಿ ಉಜ್ಜಿದೆ ಅಥವಾ ಗೀರಿದೆ. ಟಂಕಸಾಲೆಯಲ್ಲೇ ನಾಣ್ಯಗಳು ಒಂದರ ಮೇಲೊಂದು ಬೀಳುತ್ತವೆ, ಎಣಿಸುವ ಯಂತ್ರದಲ್ಲಿ ಹಾಯುತ್ತವೆ. ಆದ್ದರಿಂದ ಒಡೆಯದ ಪ್ಯಾಕೆಟ್ಟಿನಲ್ಲೂ ಹೆಚ್ಚಿನವುಗಳ ಮೇಲೆ ಚುಕ್ಕೆಗಾಯ ಇರುತ್ತದೆ. ಅಶೋಕಸ್ತಂಭದ ಸಿಂಹಗಳ ಮೇಲೆ ಮತ್ತು ಅಂಕಿಯ ಸುತ್ತಲಿನ ಖಾಲಿ ಜಾಗದಲ್ಲಿ ಗಾಯವಿಲ್ಲದ್ದನ್ನು ಇಟ್ಟುಕೊಳ್ಳಿ.

ಇಡಲು ಎರಡು ದಾರಿ. ಕಡಿಮೆ ಖರ್ಚಿನದು ಎರಡಿಂಚು ಚದರದ ಕಾರ್ಡ್‌ಬೋರ್ಡ್ ಹೋಲ್ಡರ್. ಅದರ ಕಿಂಡಿಗೆ ತೆಳುವಾದ ಪಾಲಿಯೆಸ್ಟರ್ ಹಾಳೆ ಇರುತ್ತದೆ. ನಾಣ್ಯ 27 ಮಿಲಿಮೀಟರ್ ಅಗಲ, ಹನ್ನೆರಡು ಮೂಲೆಯದು, ಹಾಗಾಗಿ ಕಿಂಡಿ ಅದಕ್ಕಿಂತ ಸ್ವಲ್ಪ ದೊಡ್ಡದಿರಲಿ. ಕಾಗದದ ಧೂಳನ್ನು ಕ್ಯಾಮೆರಾ ಒರೆಸಲು ಬಳಸುವ ರಬ್ಬರ್ ಊದುಗದಿಂದ ಹೊರಡಿಸಿ. ಬಾಯಿಂದ ಊದಲೇಬೇಡಿ, ಒಂದು ಹನಿ ಎಂಜಲು ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ನಾಣ್ಯ ಬಟ್ಟೆಯ ಮೇಲಿರುವಾಗ ಅದರ ಮೇಲೆ ಬಾಗಿ ಮಾತನಾಡುವುದೂ ಬೇಡ. ಸ್ಟೇಪಲ್ ಪಿನ್ ಹೊಡೆದ ಮೇಲೆ ಪಿನ್ನಿನ ಕಾಲುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ಹೋಲ್ಡರಿನ ನಾಣ್ಯವನ್ನು ಅವು ಗೀರುತ್ತವೆ. ಮುಂದೆ ನಾಣ್ಯವನ್ನು ಹೊರತೆಗೆಯುವಾಗ ಮೊದಲು ಪಿನ್ನುಗಳನ್ನೆಲ್ಲ ಕಿತ್ತುಬಿಡಿ. ಆತುರದಲ್ಲಿ ಹೋಲ್ಡರ್ ಹರಿದು ಗೀರಿಕೊಂಡ ನಾಣ್ಯಗಳು ಬಹಳ. ಎರಡನೆಯ ದಾರಿ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್. ಖರ್ಚು ಹೆಚ್ಚಾದರೂ ತೀರ ಚೆನ್ನಾಗಿರುವ ಒಂದು ನಾಣ್ಯಕ್ಕೆ ಅದೇ ಸರಿ.

ಪ್ರಶ್ನೆ: ಆಲ್ಬಂನಲ್ಲಿಟ್ಟ 5 ರೂಪಾಯಿ ನಾಣ್ಯಗಳ ಮೇಲೆ ಹಸಿರು ಅಂಟು ಬಂದಿದೆ. ಹುಣಸೆಹಣ್ಣು ಹಚ್ಚಿ ತೊಳೆಯಬಹುದೇ?
(ಓದುಗರು, ಉಡುಪಿ)

ಉತ್ತರ: ಖಂಡಿತ ಬೇಡ. ಹುಣಸೆ, ನಿಂಬೆ, ಟೂತ್‌ಪೇಸ್ಟ್, ಪಾತ್ರೆ ತಿಕ್ಕುವ ಪುಡಿ ಇವೆಲ್ಲ ಕೊಳೆಯ ಜೊತೆಗೆ ಮೇಲೆ ಹೇಳಿದ ಸಣ್ಣ ಗೆರೆಗಳನ್ನೂ ತಿಂದುಹಾಕುತ್ತವೆ. ಆಮೇಲೆ ನಾಣ್ಯ ಬೆಳ್ಳಗೆ ಮಿನುಗಬಹುದು, ಟಂಕಸಾಲೆಯ ಹೊಳಪು ಮಾತ್ರ ಮರಳುವುದಿಲ್ಲ. ಉಜ್ಜಿದ ನಾಣ್ಯವನ್ನು ಬಲ್ಲವರು ಒಂದೇ ನೋಟಕ್ಕೆ ಗುರುತಿಸುತ್ತಾರೆ.

ನಿಮ್ಮ ಆಲ್ಬಂನ ಹಾಳೆ ಮೆತ್ತಗಿದ್ದು, ಹೊಸ ರೇನ್‌ಕೋಟಿನ ವಾಸನೆ ಬರುತ್ತಿದ್ದರೆ ಅದು ಪಿವಿಸಿ. ಪಿವಿಸಿಯಿಂದ ಮೆದುಗೊಳಿಸುವ ಎಣ್ಣೆಯೂ ಆಮ್ಲವೂ ಸಣ್ಣಗೆ ಹೊರಬರುತ್ತವೆ, ಸೆಕೆ ಮತ್ತು ತೇವ ಇರುವ ಕರಾವಳಿಯಲ್ಲಿ ಇನ್ನೂ ಬೇಗ. 5 ರೂಪಾಯಿಯ ನಿಕಲ್ ಹಿತ್ತಾಳೆಯಲ್ಲಿರುವ ತಾಮ್ರಕ್ಕೆ ಅದು ತಗುಲಿ ಹಸಿರು ಅಂಟಾಗುತ್ತದೆ.

ಶುದ್ಧ ಅಸಿಟೋನ್ ತನ್ನಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುವುದರಿಂದ ಅದು ಆಗದು. ಕಿಟಕಿ ತೆರೆದಿಟ್ಟು, ಒಲೆ, ದೀಪ, ಊದುಬತ್ತಿ ಎಲ್ಲ ಆರಿಸಿ. ಇದು ಬೇಗ ಹೊತ್ತಿಕೊಳ್ಳುವ ದ್ರವ. ಎರಡು ಗಾಜಿನ ಬಟ್ಟಲು ಬೇಕು, ಪ್ಲಾಸ್ಟಿಕ್ ಬೇಡ. ಮೊದಲನೆಯದರಲ್ಲಿ ನಾಣ್ಯ ಮುಳುಗುವಷ್ಟು ಅಸಿಟೋನ್ ಹಾಕಿ, ಗಾಜಿನ ತಟ್ಟೆ ಮುಚ್ಚಿ ಒಂದೆರಡು ಗಂಟೆ ಬಿಡಿ. ಅಂಟು ಹೆಚ್ಚಿದ್ದರೆ ರಾತ್ರಿಯಿಡೀ ಬಿಡಬಹುದು. ಉಜ್ಜಬೇಡಿ. ಎರಡನೆಯ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು, ಹತ್ತಿ ಬಟ್ಟೆಗೆ ಅಂಚು ತಾಗಿಸಿ ಓರೆಯಾಗಿ ನಿಲ್ಲಿಸಿದರೆ ನಿಮಿಷದಲ್ಲಿ ಒಣಗುತ್ತದೆ. ಪೂರ್ತಿ ಆರುವವರೆಗೆ ಕ್ಯಾಪ್ಸೂಲಿಗೆ ಹಾಕಬೇಡಿ, ಅಸಿಟೋನ್ ತಾಗಿದರೆ ಅಕ್ರಿಲಿಕ್ ಮಂಜಾಗುತ್ತದೆ. ಅಂಟು ಹೋಗುತ್ತದೆ, ಆದರೆ ಲೋಹವನ್ನೇ ಕೊರೆದ ಕಿಲುಬು ಉಳಿಯುತ್ತದೆ. ಅದನ್ನು ಹಾಗೇ ಒಪ್ಪಿಕೊಳ್ಳುವುದೇ ಲೇಸು. ಹಳೆಯ ಆಲ್ಬಂ ಎಸೆದುಬಿಡಿ.

ಪ್ರಶ್ನೆ: 1 ಮತ್ತು 2 ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್ ತಾನೆ, ಅವಕ್ಕೂ ಇಷ್ಟು ಜಾಗ್ರತೆ ಬೇಕೆ?
(ಓದುಗರು, ಕಾರವಾರ)

ಉತ್ತರ: ಬೇಕು. ಇವು ಅಯಸ್ಕಾಂತಕ್ಕೆ ಅಂಟುವ ಜಾತಿಯ ಸ್ಟೀಲ್. ಕಡಲಗಾಳಿಯ ಉಪ್ಪು ಕೂತರೆ ಚುಕ್ಕೆ ತುಕ್ಕು ಬರಬಹುದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಮಳೆಗಾಲಕ್ಕೆ ಮೊದಲು ಅದನ್ನು ಬದಲಾಯಿಸಿ. ಡಬ್ಬಿ ಸ್ಟೀಲ್ ಬೀರುವಿನಲ್ಲಿರಲಿ. ಹೊಸ ಮರ, ಪ್ಲೈವುಡ್ ಆಮ್ಲದ ಆವಿ ಬಿಡುತ್ತವೆ. ನುಸಿಗುಳಿಗೆ, ಕರ್ಪೂರ, ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ.

ಪ್ರಶ್ನೆ: ಒಂದೇ ವರ್ಷದ ಒಂದೇ ನಾಣ್ಯದಲ್ಲಿ ಎಷ್ಟನ್ನು ಇಟ್ಟುಕೊಳ್ಳಬೇಕು?
(ಓದುಗರು, ಧಾರವಾಡ)

ಉತ್ತರ: ಇಸವಿಯ ಕೆಳಗೆ ನೋಡಿ. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡನೆಯ ಚುಕ್ಕೆ ಇದ್ದರೆ ನೋಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ. ಟಂಕಸಾಲೆಗೊಂದರಂತೆ ಗುರಿ ಇಟ್ಟುಕೊಳ್ಳಿ, ಆದರೆ ಪ್ರತಿ ವರ್ಷ ನಾಲ್ಕೂ ಕಡೆ ಎಲ್ಲ ಮೌಲ್ಯದ ನಾಣ್ಯ ಅಚ್ಚಾಗಬೇಕೆಂದೇನಿಲ್ಲ. 2022ರ ಜೂನ್‌ನಲ್ಲಿ ಬಿಡುಗಡೆಯಾದ ಅಮೃತ ಮಹೋತ್ಸವ ಲಾಂಛನದ 1, 2, 5, 10, 20 ರೂಪಾಯಿ ಮಾಲೆ ಹೊಸಬರಿಗೆ ಒಳ್ಳೆಯ ಆರಂಭ. ಪ್ರತಿ ಹೋಲ್ಡರಿನ ಮೇಲೆ ಇಸವಿ, ಟಂಕಸಾಲೆ, ಸಿಕ್ಕ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ, ನಾಣ್ಯ ಒಳಗೆ ಸೇರುವ ಮೊದಲೇ.