ನಾನು ಗೇ, ಕ್ರೈಸ್ತ ವಿಶ್ವಾಸಿ. ಸಭೆಯಲ್ಲಿ ನನಗೆ ಯಾವ ಸೇವೆ ಮಾಡುವುದಕ್ಕೂ ಬಿಡುತ್ತಿಲ್ಲ. ನಾನು ದೇವರ ಸೇವೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಕಥೆ ಓದಿದಂತಾಯಿತು. ಹನ್ನೊಂದು ವರ್ಷ ಕ್ವಾಯರ್‌ನಲ್ಲಿ ಹಾಡಿದವನು ನಾನು. ವಿಷಯ ಗೊತ್ತಾದ ಮೇಲೆ ಪಾಸ್ಟರ್ ಕರೆದು, "ಆರಾಧನೆಗೆ ಬಾ, ಬೇಡ ಅನ್ನಲ್ಲ. ಆದರೆ ಮುಂದೆ ನಿಲ್ಲಬೇಡ" ಅಂದರು. ಕಾಣಿಕೆ ಚೀಲ ಮಾತ್ರ ನಾನು ಕೂತ ಸಾಲಿಗೂ ತಪ್ಪದೆ ಬರುತ್ತಿತ್ತು.

ಆಗ ನಾನೊಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಕುರ್ಚಿ ಜೋಡಿಸುವುದು, ನೆಲ ಒರೆಸುವುದು, ಯಾರದೋ ಮನೆ ಖಾಲಿ ಮಾಡಿಸುವುದು, ಎಲ್ಲಕ್ಕೂ ನಾನೇ ಮುಂದು. ಇಷ್ಟು ದುಡಿಯುವವನನ್ನು ಹೇಗೆ ದೂರ ಇಡುತ್ತಾರೆ ನೋಡೋಣ ಅನ್ನುವ ಲೆಕ್ಕ. ಎರಡು ವರ್ಷ ಹೀಗೆ ನಡೆಯಿತು. ಅದು ಸೇವೆಯಲ್ಲ, ಒಳಗೆ ಕೂರುವುದಕ್ಕೆ ಕಟ್ಟುತ್ತಿದ್ದ ಬಾಡಿಗೆ. ಮತ್ತಾಯ 25ರಲ್ಲಿ ಹಸಿದವರಿಗೆ ಊಟ ಕೊಟ್ಟವರು, ರೋಗಿಗಳನ್ನು ನೋಡಲು ಹೋದವರು, "ಸ್ವಾಮೀ, ನಿನಗೆ ಯಾವಾಗ ಮಾಡಿದೆವು?" ಎಂದು ಅರಸನನ್ನೇ ಕೇಳುತ್ತಾರೆ. ಅವರು ಲೆಕ್ಕ ಇಟ್ಟಿರಲಿಲ್ಲ. ನನ್ನ ಹತ್ತಿರ ಪೂರ್ತಿ ಲೆಕ್ಕ ಇತ್ತು.

ಆಮೇಲೆ ಗೆಳೆಯನೊಬ್ಬ ಎಚ್‌ಐವಿ ಇರುವವರ ಆರೈಕೆ ಮನೆಯೊಂದಕ್ಕೆ ಕರೆದುಕೊಂಡು ಹೋದ. ಅಲ್ಲಿದ್ದ ವಯಸ್ಸಾದ ಟ್ರಾನ್ಸ್ ಮಹಿಳೆಯೊಬ್ಬರ ಕಾಲುಗುರು ದಪ್ಪಗಾಗಿ, ಹಳದಿ ತಿರುಗಿ, ಬೆರಳಿಗೆ ಒತ್ತುತ್ತಿತ್ತು. ಬಿಸಿನೀರಲ್ಲಿ ಕಾಲು ನೆನೆಸಿ, ಸ್ವಲ್ಪ ಸ್ವಲ್ಪವೇ ಕತ್ತರಿಸತೊಡಗಿದೆ. "ನಿನ್ನ ಕೈ ನಡುಗ್ತಿದೆ ಮಗಾ, ಬೆರಳೊಂದು ಉಳಿಸು" ಅಂದರು. ಇಬ್ಬರೂ ನಕ್ಕೆವು. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಎಷ್ಟೋ ಸಲ ಓದಿದ್ದೆ. ಆದರೆ ಕಾಲು ತೊಳೆಯಬೇಕಾದರೆ ಅಷ್ಟು ಬಗ್ಗಬೇಕು, ಬೆನ್ನು ನೋಯುತ್ತದೆ ಅಂತ ತಿಳಿದದ್ದು ಆವತ್ತೇ.

ಈ ದಾರಿಯಲ್ಲಿ ನಾವೇನೂ ಮೊದಲಿಗರಲ್ಲ. ಗೇ ಅನ್ನುವ ಕಾರಣಕ್ಕೆ ಪಾಸ್ಟರ್ ಕೆಲಸ ಕಳೆದುಕೊಂಡ ಟ್ರಾಯ್ ಪೆರಿ 1968ರ ಅಕ್ಟೋಬರ್ 6ರಂದು ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲೇ 12 ಜನರನ್ನು ಕೂರಿಸಿಕೊಂಡು ಆರಾಧನೆ ನಡೆಸಿದರು. ಗೇ, ಲೆಸ್ಬಿಯನ್ ವಿಶ್ವಾಸಿಗಳಿಗೆ ಬಾಗಿಲು ತೆರೆದ ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಶುರುವಾದದ್ದು ಹಾಗೆ. 1973ರಲ್ಲಿ ನ್ಯೂ ಆರ್ಲಿಯನ್ಸ್‌ನ ಅಪ್‌ಸ್ಟೇರ್ಸ್ ಲೌಂಜ್ ಎಂಬ ಗೇ ಬಾರ್‌ಗೆ ಬಿದ್ದ ಬೆಂಕಿಯಲ್ಲಿ 32 ಜನ ಸತ್ತಾಗ, ಅವರಲ್ಲಿ ಆ ಸಭೆಯವರೂ ಇದ್ದರು, ಎಷ್ಟೋ ಚರ್ಚ್‌ಗಳು ಅವರ ಶವಸಂಸ್ಕಾರದ ಪ್ರಾರ್ಥನೆಗೆ ಬಾಗಿಲು ತೆರೆಯಲಿಲ್ಲ. 80ರ ದಶಕದಲ್ಲಿ ಏಡ್ಸ್ ಬಂದಾಗಲೂ ಹಾಗೇ: ಮುಟ್ಟಲು ಜನ ಹೆದರುತ್ತಿದ್ದ ರೋಗಿಗಳ ಹಾಸಿಗೆ ಪಕ್ಕ ಕೂತವರಲ್ಲಿ, ಬೇರೆಯವರು ಒಲ್ಲೆನೆಂದ ಶವಸಂಸ್ಕಾರ ಮಾಡಿದವರಲ್ಲಿ ಈ ಸಭೆಗಳ ವಿಶ್ವಾಸಿಗಳೂ ಇದ್ದರು. ಯಾರ ಅನುಮತಿಗೂ ಕಾಯಲಿಲ್ಲ.

ನಿಮಗೆ ಹೇಳುವುದಾದರೆ, ಮನೆಯಿಂದ ಹೊರಹಾಕಿಸಿಕೊಂಡ ಹುಡುಗ ಹುಡುಗಿಯರ ಜೊತೆ ಆಸ್ಪತ್ರೆಗೋ ಠಾಣೆಗೋ ಹೋಗುವವರು ಯಾವತ್ತೂ ಕಮ್ಮಿ. ಅಲ್ಲಿಂದ ಶುರು ಮಾಡಬಹುದು. ನಿಮ್ಮ ವಿಷಯ ಎಲ್ಲರಿಗೂ ಹೇಳಿಯೇ ಸೇವೆ ಮಾಡಬೇಕೆಂದಿಲ್ಲ; ಅಪಾಯ ಇದ್ದರೆ ಹೇಳಬೇಡಿ. ಬೈಬಲ್ ಕೈಯಲ್ಲಿ ಹಿಡಿದು ಹೋಗಬೇಡಿ, ಅವರಲ್ಲಿ ಬಹಳ ಜನಕ್ಕೆ ಅದರಿಂದಲೇ ಪೆಟ್ಟು ಬಿದ್ದಿರುತ್ತದೆ. ಅವರಾಗಿಯೇ ಕೇಳಿದರೆ ಮಾತು ಬೇರೆ.

ಸಭೆ ಬಿಡಬೇಕೋ ಬೇಡವೋ, ಅದನ್ನು ನೀವೇ ಪ್ರಾರ್ಥನೆಯಲ್ಲಿ ಕೇಳಿಕೊಳ್ಳಬೇಕು. ನಾನಂತೂ ಈಗಲೂ ಹೋಗುತ್ತೇನೆ, ಕೊನೇ ಬೆಂಚಿನಲ್ಲಿ ಕೂತು ಜೋರಾಗಿಯೇ ಹಾಡುತ್ತೇನೆ. ಮಂಗಳವಾರ ಆರೈಕೆ ಮನೆ. ಬ್ಯಾಗಿನಲ್ಲಿ ಒಳ್ಳೇ ನೇಲ್ ಕಟರ್ ಇದೆ, ಕೈ ಈಗ ಅಷ್ಟಾಗಿ ನಡುಗಲ್ಲ.