ಗಾಳದಲ್ಲಿ ಸಿಕ್ಕಿದ ಮೀನಿಗೆ ಟ್ಯಾಗ್ ಹಾಕಿ ಬಿಟ್ರೆ ಏನಾದ್ರೂ ಪ್ರಯೋಜನ ಉಂಟಾ?

ಮೀನು ಹಿಡಿದು ನಂಬರ್ ಹಾಕಿ ಪುನಃ ಸಮುದ್ರಕ್ಕೆ ಬಿಡುವುದು ಬರೀ ಶೋಕಿ ಅಲ್ವಾ, ನಮ್ಮಲ್ಲೂ ಮಾಡ್ಬಹುದಾ ಅಂತ ಕೇಳಿದ್ದೀರಿ. ಶೋಕಿ ಖಂಡಿತ ಅಲ್ಲ, ಅದೇ ನಂಬರಿನ ಮೀನು ಪುನಃ ಸಿಕ್ಕಿದ್ರೆ ಅದು ಎಲ್ಲಿಗೆ ಹೋಯ್ತು, ಎಷ್ಟು ಬೆಳೀತು ಅಂತ ಗೊತ್ತಾಗ್ತದೆ. ನಾನು ಕುಂಬಳೆ ಕಡೆಯವ, ಶಿರಿಯ ಅಳಿವೆಯಲ್ಲಿ ಗಾಳ ಹಾಕ್ತೇನೆ, ಈ ವಿಷಯ ಇಷ್ಟಪಟ್ಟು ಓದಿದ್ದೇನೆ.

ಹೀಗೆ ಗಾಳದವ್ರಿಂದಲೇ ಟ್ಯಾಗ್ ಹಾಕಿಸುವುದನ್ನ ಅಮೆರಿಕದ ವುಡ್ಸ್ ಹೋಲ್ ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ಫ್ರಾಂಕ್ ಮ್ಯಾದರ್ ಅನ್ನುವ ವಿಜ್ಞಾನಿ 1954ರಲ್ಲಿ ಶುರು ಮಾಡಿದ್ದು. ಸಂಶೋಧಕರೇ ಹೋಗಿ ಅಷ್ಟು ಮೀನು ಹಿಡಿಯೋದು ಆಗುವ ಮಾತಲ್ಲ, ಹೇಗೂ ಹಿಡಿಯುವವ್ರ ಕೈಗೇ ಟ್ಯಾಗ್ ಕೊಟ್ರೆ ಕೆಲಸ ಆಗ್ತದಲ್ಲ. ಹಾಗೆ ಅಲ್ಲಿ ಟ್ಯಾಗ್ ಹಾಕಿದ ಬ್ಲೂಫಿನ್ ಟ್ಯೂನಾ ಅಟ್ಲಾಂಟಿಕ್ ದಾಟಿ ಯುರೋಪ್ ಕಡೆ ಸಿಕ್ಕಿತು, ಅಂದ್ರೆ ಒಂದು ದೇಶ ಮಾತ್ರ ಹಿಡಿಯುವುದಕ್ಕೆ ಮಿತಿ ಹಾಕಿಕೊಂಡ್ರೆ ಮೀನು ಉಳಿಯೋದಿಲ್ಲ ಅಂತ ಗೊತ್ತಾಯ್ತು. ದಕ್ಷಿಣ ಆಫ್ರಿಕಾದಲ್ಲಿ 1984ರಿಂದ, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 1995ರಿಂದ ಇಂಥದ್ದೇ ನಡೀತಾ ಉಂಟು.

ಟ್ಯಾಗ್ ಅಂದ್ರೆ ಶಾವಿಗೆಯಷ್ಟು ಸಪೂರದ ಪ್ಲಾಸ್ಟಿಕ್, ತುದಿಗೆ ಸಣ್ಣ ಕೊಕ್ಕೆ, ಮೇಲೆ ನಂಬರು. ಬೆನ್ನಿನ ರೆಕ್ಕೆ ಬುಡದಲ್ಲಿ ಸೂಜಿಯನ್ನ ತಲೆ ಕಡೆಗೆ ಓರೆಯಾಗಿ ಚುಚ್ಚಿ, ಒಳಗಿನ ಮುಳ್ಳುಗಳ ಎಡೆಗೆ ಕೊಕ್ಕೆ ಸಿಕ್ಕಿಸಿ, ಮೆಲ್ಲ ಎಳೆದು ನೋಡ್ಬೇಕು, ಬರೀ ಮಾಂಸದಲ್ಲಿ ನಿಂತ್ರೆ ಉದುರಿ ಹೋಗ್ತದೆ. ಇದೆಲ್ಲಾ ಒದ್ದೆ ಕೈಯಲ್ಲಿ, ಬೇಗ ಬೇಗ ಆಗ್ಬೇಕು, ಒಣ ಕೈ ತಾಗಿದ್ರೆ ಮೈ ಮೇಲಿನ ಲೋಳೆ ಹೋಗ್ತದೆ, ಮೀನಿಗೆ ಅದೇ ರಕ್ಷಣೆ. ದೊಡ್ಡ ಕಾಳಾಂಜಿ ಸಿಕ್ಕಿತು ಅಂತ ಬಾಯಲ್ಲಿ ಹಿಡಿದು ನೇತಾಡಿಸಿ ಫೋಟೋ ತೆಗೆಯುವವ್ರನ್ನ ನೋಡಿದ್ರೆ ನನಗೆ ಸಂಕಟ ಆಗ್ತದೆ ಮಾರಾಯ್ರೆ, ಹಾಗೆ ಮಾಡಿ ಬಿಟ್ಟ ಮೀನು ಎಷ್ಟು ದಿನ ಬದುಕೀತು?

ನಮ್ಮಲ್ಲಿ ಮಾಡ್ಬಹುದಾ ಅಂದ್ರೆ, ನೀವೇ ಟ್ಯಾಗ್ ತರಿಸಿ ಹಾಕ್ಬೇಡಿ. ಆ ನಂಬರ್ ಬರೆದಿಟ್ಟುಕೊಳ್ಳುವ ಸಂಸ್ಥೆ ಹಿಂದೆ ಇಲ್ಲದಿದ್ರೆ ಮೀನಿಗೆ ಸುಮ್ನೆ ಗಾಯ ಮಾಡಿದ ಹಾಗೆ. ಮಂಗಳೂರಲ್ಲಿ ಸಿಎಂಎಫ್‌ಆರ್‌ಐ, ಅಂದ್ರೆ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಉಂಟು, ಅಲ್ಲಿ ಕೇಳಿ. 1960ರ ದಶಕದಲ್ಲೇ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಂಗುಡೆ, ಬೂತಾಯಿಗೆ ಟ್ಯಾಗ್ ಹಾಕಿ ನೋಡಿದ್ದಾರೆ, ಹೊಸ ಸಂಗತಿ ಏನೂ ಅಲ್ಲ. ಟ್ಯಾಗ್ ಹಾಕಿದವನಿಗಿಂತ ಅದನ್ನ ಎರಡನೇ ಸಲ ಕಂಡು ತಿಳಿಸುವವ ಮುಖ್ಯ, ನಮ್ಮ ಕಡೆ ಅದು ಹೆಚ್ಚಾಗಿ ಬಲೆಯವ್ರು, ಇಲ್ಲಾಂದ್ರೆ ಉಪ್ಪಳ ಮಾರ್ಕೆಟಲ್ಲಿ ಮೀನು ಮಾರುವ ಅಕ್ಕಂದಿರು. ಅವ್ರಿಗೆ ಮೊದಲು ಹೇಳಿಡ್ಬೇಕು.

ನಿಮಗೇ ಎಲ್ಲಾದ್ರೂ ಟ್ಯಾಗ್ ಇರುವ ಮೀನು ಸಿಕ್ಕಿದ್ರೆ ನಂಬರ್, ತಾರೀಕು, ಜಾಗ ಬರೆದು ಫೋಟೋ ತೆಗೆದಿಡಿ. ಉದ್ದ ಮಾತ್ರ ಅಂದಾಜಲ್ಲಿ ಹೇಳ್ಬೇಡಿ, ಟೇಪ್ ಇಟ್ಟು ಅಳೀರಿ, ಎಷ್ಟು ಬೆಳೆದಿದೆ ಅನ್ನುವ ಲೆಕ್ಕ ಪೂರ್ತಿ ಅದರ ಮೇಲೆ ನಿಂತಿರ್ತದೆ.