ಹಿಸ್ಟಾರಿಕ್ಕೋ, ಹಿಸ್ಟಾರಿಕಲ್ಲೋ?

ಪ್ರಶ್ನೆ: ಮಗಳು ಹಂಪಿ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದಳು. ‘ಹಿಸ್ಟಾರಿಕಲ್ ಪ್ಲೇಸ್’ ಅಂತಿದ್ದದ್ದನ್ನು ಟೀಚರ್ ‘ಹಿಸ್ಟಾರಿಕ್’ ಅಂತ ತಿದ್ದಿದ್ದಾರೆ. ಕನ್ನಡದಲ್ಲಿ ಎರಡಕ್ಕೂ ‘ಐತಿಹಾಸಿಕ’ ಅಂತಲೇ ಅಲ್ವಾ? ವ್ಯತ್ಯಾಸ ಏನು ಸರ್?
– ಓದುಗರೊಬ್ಬರು, ಹಾಸನ

ಉತ್ತರ: ವ್ಯತ್ಯಾಸ ಇದೆ, ಟೀಚರ್ ತಿದ್ದಿದ್ದು ಸರಿ. ನಾವು ‘ಐತಿಹಾಸಿಕ ಕಾದಂಬರಿ’ ಅಂತೀವಿ, ‘ಐತಿಹಾಸಿಕ ಗೆಲುವು’ ಅಂತಲೂ ಅಂತೀವಿ. ಗೊಂದಲ ಶುರುವಾಗುವುದೇ ಇಲ್ಲಿ. ಇತಿಹಾಸಕ್ಕೆ ಸಂಬಂಧಪಟ್ಟದ್ದೆಲ್ಲ ಹಿಸ್ಟಾರಿಕಲ್. ಅದರಲ್ಲಿ ತುಂಬಾ ಮುಖ್ಯವಾದದ್ದು ಮಾತ್ರ ಹಿಸ್ಟಾರಿಕ್. 1565ರ ತಾಳಿಕೋಟೆ ಯುದ್ಧ ವಿಜಯನಗರದ ಹಣೆಬರಹವನ್ನೇ ಬದಲಿಸಿತು, ಅದು ಹಿಸ್ಟಾರಿಕ್. ಆ ಕಾಲದ ಯಾವನೋ ವ್ಯಾಪಾರಿಯ ಲೆಕ್ಕದ ಕಾಗದ ಸಿಕ್ಕಿತು ಅಂದುಕೊಳ್ಳಿ, ಅದರಿಂದ ಯಾವ ರಾಜ್ಯವೂ ಉರುಳಿರಲಿಕ್ಕಿಲ್ಲ, ಆದರೂ ಇತಿಹಾಸ ಬರೆಯುವವರಿಗೆ ಅದು ಹಿಸ್ಟಾರಿಕಲ್ ದಾಖಲೆ. 1983ರಲ್ಲಿ ಕಪಿಲ್ ದೇವ್ ತಂಡ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಗೆದ್ದದ್ದನ್ನು ‘ಹಿಸ್ಟಾರಿಕಲ್ ವಿನ್’ ಅಂದರೆ ಆ ಗೆಲುವಿನ ತೂಕವೇ ಹೋಗಿ ಹಿಂದೆ ಯಾವಾಗಲೋ ಗೆದ್ದಿದ್ದರು ಅನ್ನುವಷ್ಟಕ್ಕೇ ಇಳಿದುಬಿಡುತ್ತದೆ. ಹಾಗಂತ ಮಗಳನ್ನು ಬೈಯಬೇಡಿ. ಊರು, ಕೋಟೆ, ಗುಡಿಗಳ ವಿಚಾರದಲ್ಲಿ ನಮ್ಮಲ್ಲಿ ‘ಹಿಸ್ಟಾರಿಕಲ್ ಪ್ಲೇಸ್’ ಅನ್ನುವವರೇ ಜಾಸ್ತಿ, ಅವಳ ಕಿವಿಗೂ ಅದೇ ಬಿದ್ದಿರುತ್ತದೆ.

ಎಕನಾಮಿಕ್, ಎಕನಾಮಿಕಲ್ ಕೂಡ ಹೀಗೇ ಕಾಡುವ ಜೋಡಿ. 1991ರಲ್ಲಿ ದೇಶದಲ್ಲಿ ಶುರುವಾದದ್ದು ಎಕನಾಮಿಕ್ ಸುಧಾರಣೆ, ಅಂದರೆ ಆರ್ಥಿಕ ವ್ಯವಸ್ಥೆಗೆ ಸಂಬಂಧಪಟ್ಟದ್ದು. ಹತ್ತು ಓವರಿಗೆ ಮೂವತ್ತೇ ರನ್ ಕೊಟ್ಟ ಬೌಲರ್ ಎಕನಾಮಿಕಲ್, ಪೆಟ್ರೋಲ್ ಕಡಿಮೆ ಕುಡಿಯುವ ಸ್ಕೂಟರ್ ಕೂಡ ಎಕನಾಮಿಕಲ್. ಇಲ್ಲೊಂದು ವಿಷಯ ಗಮನಿಸಿ. ಇತಿಹಾಸದ ಜೋಡಿಯಲ್ಲಿ ‘ಕಲ್’ ಇರುವ ಪದದ ಅರ್ಥ ವಿಶಾಲ, ಈ ಜೋಡಿಯಲ್ಲಿ ಪೂರ್ತಿ ಉಲ್ಟಾ. ಅದಕ್ಕೇ ಸೂತ್ರ ಹುಡುಕಬೇಡಿ, ಸಿಗುವುದಿಲ್ಲ. ಪದವನ್ನು ಅದರ ಪಕ್ಕದ ನಾಮಪದದ ಜೊತೆಗೇ ಕಲಿಸಿ: ಎಲೆಕ್ಟ್ರಿಕ್ ಬಸ್ಸು, ಆದರೆ ಎಲೆಕ್ಟ್ರಿಕಲ್ ಎಂಜಿನಿಯರ್.

ಇನ್ನೊಂದನ್ನು ಕನ್ನಡಿಗರಾಗಿ ನಾವು ತಪ್ಪಲೇಬಾರದು. 2008ರಲ್ಲಿ ಕೇಂದ್ರ ಸರ್ಕಾರ ಕನ್ನಡಕ್ಕೆ ಕೊಟ್ಟದ್ದು ‘ಕ್ಲಾಸಿಕಲ್ ಲ್ಯಾಂಗ್ವೇಜ್’ ಸ್ಥಾನಮಾನ, ‘ಕ್ಲಾಸಿಕ್’ ಅಲ್ಲ. ಕ್ಲಾಸಿಕ್ ಅಂದರೆ ಎಷ್ಟು ವರ್ಷ ಕಳೆದರೂ ಹಳತಾಗದ, ಮಾದರಿ ಅನ್ನಿಸುವಂಥದ್ದು. ಒಂದು ಸಿನಿಮಾ ಕ್ಲಾಸಿಕ್ ಆಗಬಹುದು, ಸಂಗೀತ ಕಛೇರಿಯಲ್ಲಿ ಕೇಳುವುದು ಮಾತ್ರ ಕ್ಲಾಸಿಕಲ್.

ಮಗಳಿಗೆ ಇದನ್ನೂ ಹೇಳಿ: ಕ್ರಿಯಾವಿಶೇಷಣ ಮಾಡುವಾಗ ಈ ತಲೆನೋವಿಲ್ಲ. ಎರಡಕ್ಕೂ ‘ಹಿಸ್ಟಾರಿಕಲಿ’ ಒಂದೇ ರೂಪ, ‘ಎಕನಾಮಿಕಲಿ’ಯೂ ಅಷ್ಟೇ.